ಪರವಾನಗಿ ಎಂಬ ಚಿಟ್ಟೆ

ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಬೀಳುವ ಅರ್ಜಿ, ಹುಕುಂ, ಮೊಹರು, ಜಪ್ತಿ, ಜಾಮೀನು ಎಂಬ ಮಾತುಗಳೆಲ್ಲ ಪಾರಸಿಯ ದಾರಿ ಹಿಡಿದು ಬಂದು ಕನ್ನಡದಲ್ಲಿ ಮನೆ ಮಾಡಿಕೊಂಡವು. ಅವುಗಳಲ್ಲಿ ಎರಡನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ. ಒಂದು, ‘ಕಲಂ’. ಪಾರಸಿಯಲ್ಲಿ ಅದು ಲೇಖನಿ. ನಮ್ಮಲ್ಲಿ ಅದು ಕಾನೂನಿನ ವಿಧಿ. ಬರೆಯುವ ಸಾಧನವೊಂದು ಇಷ್ಟು ದೂರ ನಡೆದು ಬರುವಷ್ಟರಲ್ಲಿ ಬರೆದವನನ್ನು ಹಿಡಿದು ಕೊಡುವ ಸಾಧನವಾಗಿ ಮಾರ್ಪಟ್ಟಿತು. ಇನ್ನೊಂದು, ‘ಪರವಾನಗಿ’. ಇರಾನಿನಲ್ಲಿ ಪತ್ರಿಕೆ ಹೊರಡಿಸಲು ಬೇಕಾದ ಅನುಮತಿಪತ್ರಕ್ಕೆ ‘ಪರ್ವಾನೆ’ ಎನ್ನುತ್ತಾರೆ, ಮತ್ತು ಅದೇ ಮಾತಿಗೆ ಆ ಭಾಷೆಯಲ್ಲಿ ಚಿಟ್ಟೆ ಎಂಬ ಅರ್ಥವೂ ಇದೆ. 1997ರಿಂದ 2000ದವರೆಗೆ ಆ ದೇಶದ ಸಂಸ್ಕೃತಿ ಸಚಿವರಾಗಿದ್ದ ಅತಾಉಲ್ಲಾ ಮೊಹಾಜೆರಾನಿ ಅವರ ಅಧಿಕಾರಾವಧಿಯನ್ನು ವಿವರಿಸಲು ಈ ಒಂದು ಶ್ಲೇಷೆಯೇ ಸಾಕಿತ್ತು. ಅವರು ಮೂರು ವರ್ಷಗಳ ಕಾಲ ಸಹಿ ಹಾಕಿ ಹಾಕಿ ಚಿಟ್ಟೆಗಳನ್ನು ಹಾರಿಬಿಟ್ಟರು. ಎದುರು ಕಟ್ಟಡದ ನ್ಯಾಯಾಧೀಶರು ಬಲೆ ಹಿಡಿದು ನಿಂತಿದ್ದರು.

ಅವರು ಕುಳಿತಿದ್ದ ಸಚಿವಾಲಯದ ಪೂರ್ಣ ಹೆಸರು ‘ಸಂಸ್ಕೃತಿ ಮತ್ತು ಇಸ್ಲಾಮಿ ಮಾರ್ಗದರ್ಶನ ಸಚಿವಾಲಯ’. ಇಷ್ಟು ಉದ್ದದ ಹೆಸರನ್ನು ಹೇಳುವ ವ್ಯವಧಾನ ಯಾರಿಗೂ ಇಲ್ಲದ್ದರಿಂದ ಇರಾನಿಗಳು ಅದನ್ನು ಬರಿದೇ ‘ಎರ್ಶಾದ್’ ಎನ್ನುತ್ತಾರೆ, ಅಂದರೆ ಮಾರ್ಗದರ್ಶನ. ಹೆಸರನ್ನು ಮೊಟಕುಗೊಳಿಸುವಾಗ ಜನ ಸಂಸ್ಕೃತಿಯನ್ನು ಕೈಬಿಟ್ಟು ಮಾರ್ಗದರ್ಶನವನ್ನು ಉಳಿಸಿಕೊಂಡದ್ದು ಆಕಸ್ಮಿಕವಲ್ಲ. ಆ ಕಟ್ಟಡದ ಒಳಗೆ ನಡೆಯುವ ಕೆಲಸವೇ ಅದು. ಪುಸ್ತಕವನ್ನು ಓದುಗ ಓದುವ ಮೊದಲು ಅಲ್ಲಿನ ಪರಿಶೀಲಕ ಓದಬೇಕು. ಸಿನಿಮಾ ಮಾಡುವವನು ಕಥೆಗೆ ಒಂದು ಅನುಮತಿ, ತೆರೆಗೆ ಇನ್ನೊಂದು ಅನುಮತಿ ಪಡೆಯಬೇಕು. ಹಾಡುವವನ ಧ್ವನಿಸುರುಳಿಗೂ ಕಛೇರಿಗೂ ಮೊಹರು ಬೀಳಬೇಕು. ಪತ್ರಿಕೆ ತೆಗೆಯಬೇಕೆಂಬ ಆಸೆಯುಳ್ಳವನು ಮುದ್ರಣ ಮೇಲ್ವಿಚಾರಣಾ ಮಂಡಳಿಯ ಮುಂದೆ ತನ್ನ ಚಾರಿತ್ರ್ಯವನ್ನು ಹರಡಿ ಕೂರಬೇಕು. ಸಾವಿರಾರು ವರ್ಷಗಳ ಕಾವ್ಯ ಪರಂಪರೆಯುಳ್ಳ, ತರಕಾರಿ ಮಾರುವವನೂ ಹಾಫಿಜನ ಸಾಲು ಹೇಳಬಲ್ಲ ನಾಡಿನ ಸಂಸ್ಕೃತಿಗೆ ತನ್ನ ದಾರಿ ತನಗೆ ತಿಳಿಯದು ಎಂಬ ನಂಬಿಕೆಯ ಮೇಲೆ ಇಡೀ ಸಚಿವಾಲಯ ನಿಂತಿದೆ.

ಇಂಥ ಕಟ್ಟಡಕ್ಕೆ ಸುಧಾರಣಾವಾದಿಯೊಬ್ಬ ಮಂತ್ರಿಯಾಗಿ ಬಂದರೆ ಅವನು ಮಾಡುವುದೇನು? ಮೊಹಾಜೆರಾನಿಗೂ ಮೊದಲು ಈ ಪ್ರಶ್ನೆಯನ್ನು ಹತ್ತು ವರ್ಷ ಅನುಭವಿಸಿದವರು ಮೊಹಮ್ಮದ್ ಖಾತಮಿ. 1982ರಿಂದ 1992ರವರೆಗೆ ಅವರೇ ಎರ್ಶಾದ್‌ನ ಸಚಿವರಾಗಿದ್ದರು. ಪುಸ್ತಕಗಳಿಗೆ, ಸಿನಿಮಾಗಳಿಗೆ, ಪತ್ರಿಕೆಗಳಿಗೆ ತುಸು ಸಡಿಲ ಬಿಟ್ಟರೆಂಬ ಆಪಾದನೆ ಹೊತ್ತು 1992ರಲ್ಲಿ ರಾಜೀನಾಮೆ ಕೊಟ್ಟರು. ಆಗ ಅವರಿಗೆ ಸಿಕ್ಕಿದ್ದು ರಾಷ್ಟ್ರೀಯ ಗ್ರಂಥಾಲಯದ ಮುಖ್ಯಸ್ಥರ ಹುದ್ದೆ. ಪುಸ್ತಕ ಹೊರಬರಲು ಬಿಟ್ಟವನಿಗೆ ಹೊರಬಂದ ಪುಸ್ತಕ ಕಾಯುವ ಕೆಲಸ ಕೊಡುವುದರಲ್ಲಿ ಒಂದು ಬಗೆಯ ನ್ಯಾಯವಿದೆ ಎಂದು ಒಪ್ಪಿಕೊಳ್ಳಬೇಕು. ಐದು ವರ್ಷ ಕಪಾಟುಗಳ ನಡುವೆ ಕಳೆದ ಆ ಮನುಷ್ಯ 1997ರ ಮೇ 23ರಂದು ಸುಮಾರು ಎರಡು ಕೋಟಿ ಮತ ಪಡೆದು ಅಧ್ಯಕ್ಷರಾಗಿ ಹೊರಬಂದಾಗ ಬೆಚ್ಚಿಬಿದ್ದವರಲ್ಲಿ ಅವರನ್ನು ಅಲ್ಲಿಗೆ ಕಳಿಸಿದವರೇ ಮೊದಲಿಗರು.

ಖಾತಮಿ ತಮ್ಮ ಹಳೆಯ ಕುರ್ಚಿಗೆ ಆರಿಸಿದ್ದು ಮೊಹಾಜೆರಾನಿಯವರನ್ನು. 1954ರಲ್ಲಿ ಅರಾಕ್ ಪಟ್ಟಣದ ಕಡೆ ಹುಟ್ಟಿದ, ಇತಿಹಾಸ ಓದಿದ, 1979ರ ಇಸ್ಲಾಮಿ ಕ್ರಾಂತಿಯ ನಂತರದ ಮೊದಲ ಮಜ್ಲಿಸ್‌ಗೆ (ಸಂಸತ್ತಿಗೆ) ಶಿರಾಜ್‌ನಿಂದ ಆರಿಸಿ ಬಂದ, ರಫ್ಸಂಜಾನಿ ಅಧ್ಯಕ್ಷರಾಗಿದ್ದ ಕಾಲದಲ್ಲಿ ಉಪಾಧ್ಯಕ್ಷರಲ್ಲಿ ಒಬ್ಬರಾಗಿದ್ದ ಇವರ ಹಿಂದಿನ ದಾಖಲೆಯನ್ನು ನೋಡಿದರೆ ಯಾವ ಪಕ್ಷದವರಿಗೂ ಪೂರ್ತಿ ಸಂತೋಷವಾಗುವಂತಿರಲಿಲ್ಲ. 1989ರಲ್ಲಿ ಸಲ್ಮಾನ್ ರಶ್ದಿಯವರ ತಲೆಗೆ ಕ್ರಾಂತಿಯ ನಾಯಕ ಅಯಾತುಲ್ಲಾ ಖೊಮೇನಿ ಫತ್ವಾ ಹೊರಡಿಸಿದಾಗ, ರಶ್ದಿಯವರ ‘ದಿ ಸಟಾನಿಕ್ ವರ್ಸಸ್’ ಕಾದಂಬರಿಯ ಹಿಂದೆ ಪಿತೂರಿಯಿದೆ ಎಂದು ವಾದಿಸಿ ಒಂದು ಪುಸ್ತಕವನ್ನೇ ಬರೆದವರು ಇವರು. ಮರುವರ್ಷ ‘ಎತ್ತೆಲಾಆತ್’ ಪತ್ರಿಕೆಯಲ್ಲಿ ಅಮೆರಿಕದ ಜೊತೆ ನೇರವಾಗಿ ಮಾತುಕತೆ ನಡೆಸಿದರೆ ತಪ್ಪೇನು ಎಂದು ಬರೆದು ಎಲ್ಲರಿಂದ ಬೈಸಿಕೊಂಡವರೂ ಇವರೇ. 1996ರಲ್ಲಿ, ಸಂವಿಧಾನ ಎರಡೇ ಅವಧಿ ಎನ್ನುತ್ತಿದ್ದರೂ, ಅದನ್ನು ತಿದ್ದಿಯಾದರೂ ರಫ್ಸಂಜಾನಿಯವರಿಗೆ ಮೂರನೆಯ ಅವಧಿ ಕೊಡೋಣ ಎಂದು ಸೂಚಿಸಿದ್ದು ಕೂಡ ಇದೇ ಸುಧಾರಣಾವಾದಿ. ಅಂದು ಯಾರಾದರೂ ಆ ಸೂಚನೆಯನ್ನು ಒಪ್ಪಿಬಿಟ್ಟಿದ್ದರೆ ಖಾತಮಿ ಗ್ರಂಥಾಲಯದಲ್ಲೇ ಉಳಿಯುತ್ತಿದ್ದರು, ಮೊಹಾಜೆರಾನಿ ಸಂಸ್ಕೃತಿ ಸಚಿವರಾಗುತ್ತಲೂ ಇರಲಿಲ್ಲ. ಸ್ವಂತ ಸಲಹೆ ತಿರಸ್ಕಾರಗೊಂಡದ್ದರಿಂದ ಹುದ್ದೆ ಗಿಟ್ಟಿಸಿದ ರಾಜಕಾರಣಿಗಳು ಲೋಕದಲ್ಲಿ ಅಪರೂಪ.

ಸಚಿವರಾದೊಡನೆ ಅವರು ಮೊಹರನ್ನು ಧಾರಾಳವಾಗಿ ಒತ್ತತೊಡಗಿದರು. ವರ್ಷಗಟ್ಟಲೆ ಧೂಳು ತಿನ್ನುತ್ತಿದ್ದ ಹಸ್ತಪ್ರತಿಗಳು ಹೊರಬಂದವು. ಅಮೆರಿಕದ ವೀಸಾ ಸಿಗಲೆಂದು ಹೆಣ್ಣುವೇಷ ತೊಡುವ ಗಂಡಸೊಬ್ಬನ ಹಾಸ್ಯಚಿತ್ರವೊಂದು ಹಿಂದಿನವರ ಕಾಲದಲ್ಲಿ ಡಬ್ಬಿಯಲ್ಲೇ ಕೊಳೆಯುತ್ತಿತ್ತು. ಅದಕ್ಕೂ ಬಿಡುಗಡೆಯ ಯೋಗ ಬಂತು. ಇಸ್ಫಹಾನ್‌ನಲ್ಲಿ ಧರ್ಮರಕ್ಷಕರೆಂದು ಹೇಳಿಕೊಳ್ಳುವ ಗುಂಪು ಚಿತ್ರಮಂದಿರಕ್ಕೆ ನುಗ್ಗಿತು. ಸರ್ಕಾರ ತೋರಿಸಬಹುದು ಎಂದ ಚಿತ್ರವನ್ನು ತೋರಿಸದಂತೆ ತಡೆಯಲು ಅಲ್ಲಿ ಯಾವ ಪರವಾನಗಿಯೂ ಬೇಕಿರಲಿಲ್ಲ. ಅನುಮತಿ ಪಡೆಯಲು ನೂರು ಕಾಗದ, ಅಡ್ಡಿಪಡಿಸಲು ಒಂದು ದೊಣ್ಣೆ: ಈ ಲೆಕ್ಕವನ್ನು ಮಂತ್ರಿಗಳು ಮುಂದೆ ತಮ್ಮ ಮೈಮೇಲೆಯೇ ಕಲಿಯಬೇಕಾಯಿತು. 1998ರ ಸೆಪ್ಟೆಂಬರ್‌ನಲ್ಲಿ ಟೆಹರಾನಿನ ಶುಕ್ರವಾರದ ಪ್ರಾರ್ಥನೆಗೆ ಹೋದ ಅವರೂ, ಅವರ ಜೊತೆಗಿದ್ದ ಇನ್ನೊಬ್ಬ ಸುಧಾರಣಾವಾದಿ ಅಬ್ದುಲ್ಲಾ ನೂರಿಯವರೂ ಗುಂಪಿನ ಕೈಯಲ್ಲಿ ಏಟು ತಿಂದು ಬಂದರು. ಮಾರ್ಗದರ್ಶನ ಇಲಾಖೆಯ ಮಂತ್ರಿಗೆ ಜನ ಬೀದಿಯಲ್ಲಿ ನಿಲ್ಲಿಸಿ ಮಾರ್ಗದರ್ಶನ ನೀಡಿದ ಪ್ರಸಂಗ ಅದು.

ಆದರೆ ಈ ಪ್ರಹಸನದ ಮುಖ್ಯ ಅಂಕ ಪತ್ರಿಕೆಗಳದ್ದು. 1998ರ ಫೆಬ್ರುವರಿಯಲ್ಲಿ ‘ಜಾಮೆಯೆ’ ಎಂಬ ದಿನಪತ್ರಿಕೆ ಹೊರಬಂತು. ಹೆಸರಿನ ಅರ್ಥ ‘ಸಮಾಜ’. ತಾನು ಇರಾನಿನ ನಾಗರಿಕ ಸಮಾಜದ ಮೊದಲ ಪತ್ರಿಕೆ ಎಂದು ಅದು ತನ್ನನ್ನು ಕರೆದುಕೊಂಡಿತು. ಸಂಪಾದಕರು ಮಾಶಾಲ್ಲಾ ಶಮ್ಸುಲ್‌ವಾಯೆಜಿನ್. ಜನ ಮುಗಿಬಿದ್ದು ಕೊಂಡರು. ಕೋರ್ಟು ಬೇಸಿಗೆ ಮುಗಿಯುವುದರೊಳಗೆ ಮುಚ್ಚಿಸಿತು. ಕೂಡಲೇ ಅದೇ ಸಂಪಾದಕರು, ಅದೇ ಬಳಗ, ಅದೇ ವಿನ್ಯಾಸ ‘ತೂಸ್’ ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು. ಮಹಾಕವಿ ಫಿರ್ದೌಸಿಯ ಊರಿನ ಹೆಸರಿಟ್ಟುಕೊಂಡರೂ ಆಯುಸ್ಸು ಹೆಚ್ಚಲಿಲ್ಲ. ಸೆಪ್ಟೆಂಬರ್‌ನಲ್ಲಿ ಅದಕ್ಕೂ ಬೀಗ ಬಿತ್ತು, ಸಂಪಾದಕರು ಜೈಲಿಗೆ ಹೋಗಿ ಬಂದರು. 1999ರ ಫೆಬ್ರುವರಿಯಲ್ಲಿ ‘ನೆಶಾತ್’ ಬಂತು. ನೆಶಾತ್ ಎಂದರೆ ಉಲ್ಲಾಸ. ಮರಣದಂಡನೆಯನ್ನು ಪ್ರಶ್ನಿಸುವ ಬರಹ ಪ್ರಕಟಿಸಿದ ತಪ್ಪಿಗೆ ಉಲ್ಲಾಸವು ಏಳು ತಿಂಗಳಿಗೆ ಮುಗಿಯಿತು. ಅಕ್ಟೋಬರ್‌ನಲ್ಲಿ ಅದೇ ಬಳಗ ‘ಅಸ್ರ್-ಎ-ಆಜಾದೆಗಾನ್’ ಎಂದು ಮತ್ತೆ ಹುಟ್ಟಿತು, ಅಂದರೆ ‘ಸ್ವತಂತ್ರರ ಯುಗ’. ಆ ಯುಗ 2000ದ ಏಪ್ರಿಲ್‌ವರೆಗೆ ಬಾಳಿತು. ನಮ್ಮ ಪುರಾಣಗಳಲ್ಲಿ ಒಂದು ಯುಗಕ್ಕೆ ಲಕ್ಷಗಟ್ಟಲೆ ವರ್ಷ. ಇರಾನಿನಲ್ಲಿ ಆರು ತಿಂಗಳು.

ಪ್ರತಿ ಸಾವಿನ ನಂತರವೂ ಎರ್ಶಾದ್‌ನ ಮೇಜಿನ ಮೇಲೆ ಒಂದು ಹೊಸ ಪರ್ವಾನೆ ಸಿದ್ಧವಾಗಿರುತ್ತಿತ್ತು ಎಂಬುದೇ ಮೊಹಾಜೆರಾನಿಯವರ ಹೆಗ್ಗಳಿಕೆ. ಓದುಗರಿಗೂ ಇದು ರೂಢಿಯಾಯಿತು. ಗೂಡಂಗಡಿಯ ಮುಂದೆ ನಿಂತು ‘ನಮ್ಮ ಪತ್ರಿಕೆಯ ಇವತ್ತಿನ ಹೆಸರೇನು?’ ಎಂದು ಕೇಳಬಹುದಾದ ಜಗತ್ತಿನ ಏಕೈಕ ನಗರ ಅಂದಿನ ಟೆಹರಾನ್ ಇರಬೇಕು. ದಶಾವತಾರದ ಕಥೆ ಕೇಳಿ ಬೆಳೆದ ನಮಗೆ ಇದು ಹೊಸದೆನಿಸದು. ಆದರೆ ಅಲ್ಲಿ ಅವತಾರ ಎತ್ತುವುದಕ್ಕೂ ಮಂಡಳಿಯ ಸಭೆ ನಡೆದು ಠರಾವು ಆಗಬೇಕಿತ್ತು.

ಮುಚ್ಚಿಸುವ ಕಡೆಯ ಸೌಕರ್ಯ ಇದಕ್ಕಿಂತ ಬಹಳ ಉತ್ತಮವಾಗಿತ್ತು. ಪತ್ರಿಕೆ ತೆರೆಯಲು ಒಂದೇ ಸಚಿವಾಲಯ. ಮುಚ್ಚಲು ಮುದ್ರಣ ನ್ಯಾಯಾಲಯ, ಕ್ರಾಂತಿ ನ್ಯಾಯಾಲಯ, ಮೌಲ್ವಿಗಳಿಗೆಂದೇ ಇರುವ ವಿಶೇಷ ನ್ಯಾಯಾಲಯ ಹೀಗೆ ಮೂರು ಕೌಂಟರುಗಳು. ಸಂವಿಧಾನದ 168ನೆಯ ವಿಧಿಯ ಪ್ರಕಾರ ಮುದ್ರಣದ ಅಪರಾಧಗಳು ಬಹಿರಂಗವಾಗಿ, ಜ್ಯೂರಿಯ ಸಮ್ಮುಖದಲ್ಲಿ ವಿಚಾರಣೆಯಾಗಬೇಕು. ಆದರೆ 1994ರಲ್ಲಿ ಅಲ್ಲಿ ಸರ್ಕಾರಿ ಅಭಿಯೋಜಕರ ಕಚೇರಿಯನ್ನೇ ರದ್ದು ಮಾಡಲಾಗಿತ್ತು. ಹೀಗಾಗಿ ಪತ್ರಿಕೆಗಳ ಮೊಕದ್ದಮೆ ನೋಡುತ್ತಿದ್ದ ಸಯೀದ್ ಮೊರ್ತಜವಿ ಎಂಬ ತರುಣ ನ್ಯಾಯಾಧೀಶರು ತನಿಖೆ ಮಾಡುವವರೂ, ಆರೋಪ ಹೊರಿಸುವವರೂ, ತೀರ್ಪು ಕೊಡುವವರೂ ತಾವೇ ಆಗಿ ಸರ್ಕಾರದ ಖರ್ಚನ್ನು ಉಳಿಸುತ್ತಿದ್ದರು. ಆರೋಪಿ ತನ್ನ ಸಮರ್ಥನೆಯಿಂದ ಅವರಲ್ಲಿ ಒಬ್ಬರನ್ನು ಒಪ್ಪಿಸಿದರೂ ಉಳಿದಿಬ್ಬರನ್ನು ಒಪ್ಪಿಸುವುದು ಕಷ್ಟವಿತ್ತು.

ಅಪರಾಧಗಳ ಸ್ವರೂಪವನ್ನೂ ನೋಡಬೇಕು. ಮಾಜಿ ಅಧ್ಯಕ್ಷ ರಫ್ಸಂಜಾನಿಯವರ ಮಗಳು ಫಾಯೆಜೆ ಹಾಶೆಮಿ ‘ಝನ್’ ಎಂಬ ಪತ್ರಿಕೆ ನಡೆಸುತ್ತಿದ್ದರು. ಝನ್ ಎಂದರೆ ಹೆಂಗಸು. 1999ರ ಏಪ್ರಿಲ್‌ನಲ್ಲಿ ಅದನ್ನು ಮುಚ್ಚಿಸಿದ್ದು ಎರಡು ಕಾರಣಕ್ಕೆ: ದೇಶಭ್ರಷ್ಟೆಯಾದ ಹಳೆಯ ರಾಣಿ ಫರಾಹ್ ಕಳಿಸಿದ ಹೊಸವರ್ಷದ ಶುಭಾಶಯವನ್ನು ಅಚ್ಚು ಹಾಕಿದ್ದು ಒಂದು, ವ್ಯಂಗ್ಯಚಿತ್ರ ಇನ್ನೊಂದು. ಆ ಚಿತ್ರದಲ್ಲಿ ಗಂಡ ಹೆಂಡಿರ ಮುಂದೆ ಬಂದೂಕು ಹಿಡಿದವನೊಬ್ಬ ನಿಂತಿದ್ದಾನೆ. ಗಂಡನು ಹೆಂಡತಿಯನ್ನು ತೋರಿಸಿ, ಇವಳನ್ನು ಕೊಲ್ಲು, ಅಗ್ಗವಾಗುತ್ತದೆ ಎಂಬರ್ಥದ ಮಾತಾಡುತ್ತಾನೆ. ಅಂದಿನ ಕಾನೂನಿನಲ್ಲಿ ಕೊಲೆಯಾದ ಹೆಂಗಸಿಗೆ ಸಲ್ಲುವ ರಕ್ತಪರಿಹಾರ ಗಂಡಸಿನದರ ಅರ್ಧ. ಅಂದರೆ ಚಿತ್ರಕಾರರು ಕಾನೂನಿನ ಕಲಮನ್ನು ತಮ್ಮ ಕಲಮಿನಿಂದ ಇದ್ದದ್ದು ಇದ್ದಹಾಗೆ ಬರೆದಿದ್ದರು. ಹಾಗೆ ಬರೆದಾಗ ಅದು ನಗೆ ಬರಿಸಿದ್ದು ಚಿತ್ರಕಾರರ ತಪ್ಪೋ ಕಾನೂನಿನ ತಪ್ಪೋ ಎಂಬ ಪ್ರಶ್ನೆಯನ್ನು ನ್ಯಾಯಾಲಯ ಎತ್ತಿಕೊಳ್ಳಲಿಲ್ಲ.

ಮರುವರ್ಷ ‘ಆಜಾದ್’ ಪತ್ರಿಕೆಯಲ್ಲಿ ನಿಕಾಹಂಗ್ ಕೌಸರ್ ಒಂದು ಮೊಸಳೆಯ ಚಿತ್ರ ಬರೆದರು. ಮೊಸಳೆಗೆ ಪಾರಸಿಯಲ್ಲಿ ‘ತೆಮ್ಸಾಹ್’ ಎನ್ನುತ್ತಾರೆ. ಅಯಾತುಲ್ಲಾ ಮೆಸ್ಬಾ ಯಜ್ದಿ ಎಂಬ ಪ್ರಭಾವಿ ಧರ್ಮಗುರುಗಳ ಹೆಸರಿಗೂ ಈ ಮಾತಿಗೂ ಪ್ರಾಸ ಕೂಡುತ್ತದೆ. ಅಷ್ಟೇ. ಕೋಮ್ ನಗರದ ಧಾರ್ಮಿಕ ವಿದ್ಯಾರ್ಥಿಗಳು ಧರಣಿ ಕೂತರು, ಚಿತ್ರಕಾರರು ಆರು ದಿನ ಎವಿನ್ ಜೈಲಿನಲ್ಲಿದ್ದರು, ಧರಣಿಯವರು ಬೇಡಿದ್ದು ಸಂಸ್ಕೃತಿ ಸಚಿವರ ತಲೆದಂಡ. ಮೊಸಳೆಯ ಮೇಲೆ ಗುರುಗಳ ಹೆಸರು ಬರೆದಿರಲಿಲ್ಲ. ಅದು ಅವರೇ ಎಂದು ಊರಿಗೆಲ್ಲ ಸಾರಿದವರು ಅವರ ಶಿಷ್ಯರು. ಗುರುಭಕ್ತಿ ಹೀಗೆ ಗುರುತುಪತ್ರದ ಕೆಲಸ ಮಾಡಿದ ಉದಾಹರಣೆ ಇನ್ನೊಂದು ಸಿಗಲಾರದು.

ಮೊಸಳೆ ಬರುವುದಕ್ಕೂ ಮೊದಲೇ, ಇಂಥ ಪಾಪಗಳ ಹೊಣೆ ಮಂತ್ರಿಯದೆಂದು ಮಜ್ಲಿಸ್ ಅವರ ಮೇಲೆ ಮಹಾಭಿಯೋಗ ತಂದಿತು. 1999ರ ಮೇ 1ರಂದು ಸದನದಲ್ಲಿ ಅವರ ಮೇಲೆ ಹೊರಿಸಿದ ಆರೋಪದ ತಿರುಳು ಇಷ್ಟೇ: ಸಂಸ್ಕೃತಿ ಸಚಿವರು ಸಂಸ್ಕೃತಿಗೆ ಅವಕಾಶ ಕೊಡುತ್ತಿದ್ದಾರೆ. ರಶ್ದಿಯವರ ವಿರುದ್ಧ ಪುಸ್ತಕ ಬರೆದ ಮನುಷ್ಯನಿಗೆ, ನಿಮ್ಮಲ್ಲಿ ಧರ್ಮಾಭಿಮಾನ ಸಾಲದು ಎಂದು ಪಾಠ ಹೇಳಲಾಯಿತು. ಮೊಹಾಜೆರಾನಿ ಒಳ್ಳೆಯ ಮಾತುಗಾರರು. ಹಳೆಯ ಇತಿಹಾಸದ ಮೇಷ್ಟ್ರಿಗೆ ಉಲ್ಲೇಖಗಳಿಗೇನೂ ಬರವಿರಲಿಲ್ಲ. 121 ಮಂದಿ ಹೋಗಲಿ ಎಂದರು, 135 ಮಂದಿ ಇರಲಿ ಎಂದರು, ಏಳು ಮಂದಿ ಯಾವ ಕಡೆಗೂ ಬಾಯಿ ಬಿಡಲಿಲ್ಲ. ಹದಿನಾಲ್ಕು ಮತಗಳ ಅಂತರದಲ್ಲಿ ಸಂಸ್ಕೃತಿ ಉಳಿದುಕೊಂಡಿತು. ಆದರೆ ಅವರು ಗೆದ್ದದ್ದು ಕುರ್ಚಿಯನ್ನು ಮಾತ್ರ. ಬಲೆಗಳು ಇದ್ದಲ್ಲೇ ಇದ್ದವು.

ಎರಡು ತಿಂಗಳಿಗೆ ಅದು ಗೊತ್ತಾಯಿತು. 1998ರ ಕೊನೆಯಲ್ಲಿ ಟೆಹರಾನಿನಲ್ಲಿ ವಿರೋಧಿ ರಾಜಕಾರಣಿ ದಾರಿಯೂಶ್ ಫೊರೂಹರ್ ದಂಪತಿಗಳ, ಬರಹಗಾರರಾದ ಮೊಹಮ್ಮದ್ ಮೊಖ್ತಾರಿ ಮತ್ತು ಮೊಹಮ್ಮದ್ ಜಾಫರ್ ಪೂಯಂದೆ ಅವರ ಕೊಲೆಗಳು ಒಂದರ ಹಿಂದೆ ಒಂದು ನಡೆದಿದ್ದವು. ಗುಪ್ತಚರ ಸಚಿವಾಲಯವೇ 1999ರ ಜನವರಿಯಲ್ಲಿ ತನ್ನ ಕೆಲವು ದಾರಿತಪ್ಪಿದ ನೌಕರರು ಇದನ್ನು ಮಾಡಿದರೆಂದು ಒಪ್ಪಿಕೊಂಡಿತು. ಮುಖ್ಯ ಆರೋಪಿಯೆಂದು ಹೆಸರಾದ ಸಯೀದ್ ಎಮಾಮಿ ಜೂನ್‌ನಲ್ಲಿ ಜೈಲಿನಲ್ಲೇ ಸತ್ತರು. ಕೂದಲು ತೆಗೆಯುವ ಲೇಪ ಕುಡಿದು ಆತ್ಮಹತ್ಯೆ ಮಾಡಿಕೊಂಡರು ಎಂಬುದು ಅಧಿಕೃತ ವಿವರಣೆ. ಈ ವಿಷಯದಲ್ಲಿ ವಿಡಂಬನೆಯವನಿಗೆ ಮಾಡುವ ಕೆಲಸವೇ ಇಲ್ಲ. ಸರ್ಕಾರವೇ ಎಲ್ಲವನ್ನೂ ಮಾಡಿ ಮುಗಿಸಿದೆ. ಆ ಎಮಾಮಿ ಬದುಕಿದ್ದಾಗ ಪತ್ರಿಕೆಗಳನ್ನು ಹದ್ದುಬಸ್ತಿನಲ್ಲಿಡುವ ಬಗ್ಗೆ ಬರೆದಿದ್ದ ಪತ್ರವೊಂದನ್ನು ‘ಸಲಾಂ’ ಪತ್ರಿಕೆ ಬಯಲಿಗೆ ತಂದಿತು. ಮಜ್ಲಿಸ್‌ನ ಮುಂದಿದ್ದ ಮುದ್ರಣ ಕಾನೂನಿನ ತಿದ್ದುಪಡಿಗೂ ಆ ಪತ್ರದ ಸಲಹೆಗಳಿಗೂ ಅಣ್ಣತಮ್ಮಂದಿರ ಹೋಲಿಕೆ ಇತ್ತು. ಸರ್ಕಾರದ ಗುಟ್ಟು ಬಯಲು ಮಾಡಿದ ಅಪರಾಧಕ್ಕೆ ಜುಲೈ 7ರಂದು ಸಲಾಂಗೆ ಸಲಾಂ ಹೇಳಲಾಯಿತು. ವಿದ್ಯಾರ್ಥಿಗಳು ಬೀದಿಗಿಳಿದರು, ಅವರ ಹಾಸ್ಟೆಲಿನ ಮೇಲೆ ರಾತ್ರೋರಾತ್ರಿ ದಾಳಿಯಾಯಿತು, ಟೆಹರಾನ್ ಹಲವು ದಿನ ಹೊತ್ತಿ ಉರಿಯಿತು. ಪತ್ರಿಕೆಗಳ ಹೊಣೆ ಹೊತ್ತ ಮಂತ್ರಿ ಅಷ್ಟೂ ದಿನ ಮಂತ್ರಿಯಾಗಿಯೇ ಇದ್ದರು.

ಬಲೆ ಪೂರ್ತಿಯಾಗಿ ಬಿದ್ದದ್ದು 2000ದ ಏಪ್ರಿಲ್‌ನಲ್ಲಿ. ಫೆಬ್ರುವರಿಯ ಚುನಾವಣೆಯಲ್ಲಿ ಸುಧಾರಣಾವಾದಿಗಳು ಭರ್ಜರಿಯಾಗಿ ಗೆದ್ದಿದ್ದರು. ಸೋತು ಮನೆಗೆ ಹೊರಟಿದ್ದ ಹಳೆಯ ಮಜ್ಲಿಸ್ ಹೋಗುವ ಮುನ್ನ ಮುದ್ರಣ ಕಾನೂನನ್ನು ಬಿಗಿಗೊಳಿಸಿ, ಮುಚ್ಚಿದ ಪತ್ರಿಕೆ ಬೇರೆ ಹೆಸರಿನಲ್ಲಿ ಹುಟ್ಟುವಂತಿಲ್ಲ ಎಂದು ಅವತಾರಗಳನ್ನೇ ನಿಷೇಧಿಸಿತು. ಸರ್ವೋಚ್ಚ ನಾಯಕ ಅಲಿ ಖಮೇನಿಯವರು ಏಪ್ರಿಲ್ 20ರಂದು ಕೆಲವು ಪತ್ರಿಕೆಗಳು ಶತ್ರುವಿನ ನೆಲೆಗಳಾಗಿವೆ ಎಂದು ಭಾಷಣ ಮಾಡಿದರು. ಅದರ ಬೆನ್ನಲ್ಲೇ ಹನ್ನೆರಡಕ್ಕೂ ಹೆಚ್ಚು ಪತ್ರಿಕೆಗಳು ಕೆಲವೇ ದಿನಗಳಲ್ಲಿ ಬಾಗಿಲು ಹಾಕಿದವು. ಇಷ್ಟನ್ನು ಒಟ್ಟಿಗೆ ಮುಚ್ಚಲು ಯಾವ ಕಾನೂನು ಬಳಸಿದರು ಎಂಬುದರಲ್ಲಿ ಇಡೀ ಕಥೆಯ ರಸ ಅಡಗಿದೆ. 1960ರಲ್ಲಿ, ಅಂದರೆ ಷಾ ದೊರೆಯ ಕಾಲದಲ್ಲಿ, ಅಪಾಯಕಾರಿ ಅಪರಾಧಿಗಳು ಮತ್ತೆ ಕುಕೃತ್ಯಕ್ಕೆ ಇಳಿಯದಂತೆ ಅವರ ಸಲಕರಣೆಗಳನ್ನು ಜಪ್ತಿ ಮಾಡಲು ಒಂದು ಮುನ್ನೆಚ್ಚರಿಕೆಯ ಕಾನೂನು ಬಂದಿತ್ತು. ಕನ್ನಗಳ್ಳನ ಹಾರೆ, ಕೊಲೆಗಡುಕನ ಚೂರಿ ಕಿತ್ತಿಟ್ಟುಕೊಳ್ಳುವ ಕಾನೂನು ಎಂದಿಟ್ಟುಕೊಳ್ಳಿ. ಷಾನನ್ನು ಓಡಿಸಿ, ಅವನ ಪ್ರತಿಮೆಗಳನ್ನು ಉರುಳಿಸಿ, ಅವನ ಹೆಸರಿನ ಬೀದಿಗಳಿಗೆ ಹೊಸ ಹೆಸರಿಟ್ಟ ಕ್ರಾಂತಿಯು ಈ ಕಾನೂನೊಂದನ್ನು ಮಾತ್ರ ಜೋಪಾನವಾಗಿ ಎತ್ತಿಟ್ಟುಕೊಂಡಿತ್ತು. ಅವನ ರಾಣಿಯ ಶುಭಾಶಯ ಅಚ್ಚು ಹಾಕಿದರೆ ಅಪರಾಧ. ಅವನ ಕಾನೂನು ಹಾಕಿ ಅಚ್ಚುಮನೆ ಮುಚ್ಚಿದರೆ ಕ್ರಾಂತಿಯ ರಕ್ಷಣೆ.

ಆಗಸ್ಟ್ 6ರಂದು ಹೊಸ ಮಜ್ಲಿಸ್ ಆ ಬಿಗಿ ಕಾನೂನನ್ನು ಸಡಿಲಗೊಳಿಸಲು ಕೂತಿತು. ಅಷ್ಟರಲ್ಲಿ ಸರ್ವೋಚ್ಚ ನಾಯಕರ ಪತ್ರ ಬಂತು. ಸಭಾಪತಿ ಮೆಹದಿ ಕರೂಬಿ ಚರ್ಚೆಯನ್ನೇ ಕೈಬಿಟ್ಟರು. ಇಂಥ ಆಜ್ಞೆಗೆ ಅಲ್ಲಿ ‘ಹೊಕ್ಮ್-ಎ-ಹೊಕೂಮತಿ’ ಎನ್ನುತ್ತಾರೆ. ನಮ್ಮ ಹುಕುಂ ಇದೇ ಹೊಕ್ಮ್. ಅದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ.

ಡಿಸೆಂಬರ್‌ನಲ್ಲಿ ಮೊಹಾಜೆರಾನಿಯವರ ರಾಜೀನಾಮೆ ಅಂಗೀಕಾರವಾಯಿತು. ಅವರ ವಿರೋಧಿಗಳು ಅವರನ್ನು ಸ್ವಾತಂತ್ರ್ಯದ ಅತಿರೇಕಿ ಎಂದರು, ಅಭಿಮಾನಿಗಳು ಹುತಾತ್ಮ ಎಂದರು. ನನಗೆ ಎರಡೂ ದೊಡ್ಡ ಮಾತುಗಳೆನಿಸುತ್ತವೆ. ಅವರು ಮೊಹರನ್ನು ಧಾರಾಳವಾಗಿ ಒತ್ತಿದರೇ ಹೊರತು, ಬರೆಯುವವನಿಗೆ ಮೊಹರು ಏಕೆ ಬೇಕು ಎಂಬ ಪ್ರಶ್ನೆಯನ್ನು ಆ ಕುರ್ಚಿಯಲ್ಲಿ ಕೂತು ಬಿಡಿಸಲು ಹೋಗಲಿಲ್ಲ. ಧಾರಾಳಿಯ ಕೈಯಲ್ಲಿರುವ ಪರ್ವಾನೆಯೂ ಪರ್ವಾನೆಯೇ. ಕೊಟ್ಟದ್ದೆಂಬ ಕಾರಣಕ್ಕೇ ಅದನ್ನು ಕಸಿದುಕೊಳ್ಳಲು ಬರುತ್ತದೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಆ ಪ್ರಶ್ನೆಯನ್ನು ಬಿಡಿಸಲು ಹೋಗಿದ್ದರೆ ಮಹಾಭಿಯೋಗದ ದಿನ ಅವರಿಗೆ 135 ಮತ ಬೀಳುತ್ತಿರಲಿಲ್ಲ, ‘ನೆಶಾತ್’ ಆ ಏಳು ತಿಂಗಳಾದರೂ ಬರುತ್ತಿರಲಿಲ್ಲ. ರಾಜೀನಾಮೆಯ ಬಳಿಕ ಅವರಿಗೆ ಸಿಕ್ಕಿದ್ದು ನಾಗರಿಕತೆಗಳ ನಡುವಿನ ಸಂವಾದದ ಕೇಂದ್ರದ ಮುಖ್ಯಸ್ಥಾನ. ಸ್ವದೇಶದ ಸಂಪಾದಕರು ಜೈಲಿನಲ್ಲಿ ಮೌನವಾಗಿದ್ದಾಗ ಪರದೇಶದ ನಾಗರಿಕತೆಗಳೊಡನೆ ಮಾತಾಡುವ ಹೊಣೆ ಅದು. ಕೊನೆಗೆ ಅವರು ಲಂಡನ್ ಸೇರಿದರು. ಅಲ್ಲಿ ಬರೆಯಲು ಎರ್ಶಾದ್‌ನ ಅನುಮತಿ ಬೇಕಿಲ್ಲ.

ಕುರ್ಚಿ ಮಾತ್ರ ತನ್ನ ಗುಣ ಬಿಡಲಿಲ್ಲ. ಮುಂದೆ ಅಧ್ಯಕ್ಷರಾದ ಹಸನ್ ರೂಹಾನಿಯವರ ಕಾಲದಲ್ಲಿ ಅಲ್ಲಿ ಕೂತ ಅಲಿ ಜನ್ನತಿ, ಕಟ್ಟಾ ಸಂಪ್ರದಾಯವಾದಿ ಅಹ್ಮದ್ ಜನ್ನತಿಯವರ ಮಗ. ಮಗ ಸಂಗೀತ ಕಛೇರಿಗಳಿಗೆ ಅನುಮತಿ ಕೊಡುತ್ತಿದ್ದರು. ಮಶ್ಹದ್ ನಗರದ ಶುಕ್ರವಾರದ ಇಮಾಮರು ತಮ್ಮ ಊರಿನಲ್ಲಿ ಕಛೇರಿ ಬೇಡ ಎಂದರು. 2016ರಲ್ಲಿ ಸಚಿವರು ಆಗಲಿ ಎಂದು ಒಪ್ಪಿಕೊಂಡರು, ಒಪ್ಪಿಕೊಂಡದ್ದಕ್ಕೆ ಅಧ್ಯಕ್ಷರಿಂದ ಟೀಕೆಗೆ ಗುರಿಯಾದರು, ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಕೊಟ್ಟರೂ ತಪ್ಪು, ಬಿಟ್ಟರೂ ತಪ್ಪು ಎಂಬ ಗಾದೆಯನ್ನು ಅಲ್ಲಿನ ಗೋಡೆಯ ಮೇಲೆ ಬರೆಸುವುದು ಒಳ್ಳೆಯದು, ಅನುಮತಿ ಸಿಕ್ಕರೆ.

ಇನ್ನು ಖಾತಮಿ. ಹತ್ತು ವರ್ಷ ಸಂಸ್ಕೃತಿ ಸಚಿವರಾಗಿ, ಎಂಟು ವರ್ಷ ಅಧ್ಯಕ್ಷರಾಗಿ ಪತ್ರಿಕೆಗಳ ಕಷ್ಟಸುಖ ನೋಡಿದವರ ಹೆಸರನ್ನೂ ಚಿತ್ರವನ್ನೂ ಯಾವ ಪತ್ರಿಕೆಯೂ ಅಚ್ಚು ಹಾಕುವಂತಿಲ್ಲ ಎಂದು 2015ರ ಫೆಬ್ರುವರಿಯಲ್ಲಿ ನ್ಯಾಯಾಂಗ ಸಾರಿತು. ಗಂಡನ ಹೆಸರನ್ನು ನೇರವಾಗಿ ಹೇಳಬಾರದೆಂದು ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಒಡಪು ಕಟ್ಟುವುದು ನಮಗೆ ಗೊತ್ತು. ಟೆಹರಾನಿನ ಪತ್ರಿಕೆಗಳೂ ಒಡಪು ಕಟ್ಟಿದವು: ‘ಸುಧಾರಣಾ ಸರ್ಕಾರದ ಮುಖ್ಯಸ್ಥರು’ ಎಂದು ಬರೆದರೆ ಓದುವವನಿಗೆ ತಿಳಿಯುತ್ತದೆ, ಅಚ್ಚಿನಲ್ಲಿ ಹೆಸರಿರುವುದಿಲ್ಲ. ಮೊಹಾಜೆರಾನಿ ಹಿಂದೆ ಲೇಖನ ಬರೆದಿದ್ದ ಅದೇ ‘ಎತ್ತೆಲಾಆತ್’ ಪತ್ರಿಕೆಯ ಹಿರಿಯ ಸಂಪಾದಕರು ಮಹಮೂದ್ ದುಆಯಿ ಮಾತ್ರ ಒಡಪಿನ ಗೊಡವೆಗೆ ಹೋಗದೆ ಹೆಸರನ್ನು ಹೆಸರಾಗಿಯೇ ಅಚ್ಚು ಹಾಕಿದರು. ಅವರಿಗೆ ಮೌಲ್ವಿಗಳ ವಿಶೇಷ ನ್ಯಾಯಾಲಯದಿಂದ ಕರೆ ಬಂತು.